ಪಂಢರಪುರದ ನೆಪ

ಮುಡಬಿಯ ಒಂದು ಮನೆಯಲ್ಲಿ ಹೆರಿಗೆ ಮಾಡಿಸುವಾಗ, ಕೂಸಿನ ತಲೆ ಕಾಣಿಸಿದ ಹೊತ್ತಿಗೇ ಸೂಲಗಿತ್ತಿ ಗಿರಿಜಾಬಾಯಿ ಕಣ್ಣಿಗೆ ಕತ್ತಲೆ ಬಂದು ಗೋಡೆಗೊರಗಿ ಕುಸಿದಳು. ಕೂಸನ್ನು ಹಿಡಿದದ್ದು ಜೊತೆಗಿದ್ದ ಅಮೃತ. ಒಂದು ವರ್ಷದಿಂದ ಗಿರಿಜಾಬಾಯಿಗೆ ತಿಂಗಳಲ್ಲಿ ಹದಿನೆಂಟು ದಿನ ರಕ್ತ ನಿಲ್ಲುತ್ತಿರಲಿಲ್ಲ. ತನ್ನೂರು ಕಲ್ಯಾಣದ ಹೆಂಗಸರಿಗೆಲ್ಲ ಕಷಾಯ ಕಾಸಿ ಕೊಡುವವಳು ತಾನೂ ಕಾಸಿಕೊಂಡು ಕುಡಿದಿದ್ದಳು, ಯಾವುದೂ ನಾಟಿರಲಿಲ್ಲ. ವಯಸ್ಸು ನಲವತ್ತನಾಲ್ಕು, ಇನ್ನೇನು ತಾನಾಗಿಯೇ ನಿಂತೀತು ಎಂದು ಕಾದಿದ್ದಳು. ಮುಡಬಿಯಲ್ಲಿ ಬಿದ್ದ ಮೇಲೆ ಕಾಯುವ ಧೈರ್ಯ ಉಳಿಯಲಿಲ್ಲ.

ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ ಅದು. ಹುಮನಾಬಾದಿಗೆ ಪ್ರತಿ ಗುರುವಾರ ಬೀದರಿನಿಂದ ಒಬ್ಬ ಡಾಕ್ಟರಮ್ಮ ಬರುತ್ತಿದ್ದರು. ಅವರು ಹೊಟ್ಟೆ ಒತ್ತಿ ನೋಡಿ ಕೈ ತೊಳೆದುಕೊಂಡರು.

"ಗರ್ಭಚೀಲದಾಗ ಗಡ್ಡಿ ಬೆಳದದ. ತೆಂಗಿನಕಾಯಿಯಷ್ಟದ. ಚೀಲಾನೇ ತಗೀಬೇಕು."

"ಗಡ್ಡಿ ಅಷ್ಟೇ ತಗದು ಚೀಲ ಬಿಡ್ಲಿಕ್ಕಿ ಬರಂಗಿಲ್ಲೇನ್ರಿ?"

"ಯಾಕ, ಇನ್ನ ಹಡೀಬೇಕೇನು?"

ಹೆತ್ತ ಮೂರು ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಗಿರಿಜಾಬಾಯಿ ಅದನ್ನು ಹೇಳಲಿಲ್ಲ. "ನಾ ಹಡಿಯಾಕಿ ಅಲ್ರಿ, ಹಡಸಾಕಿ. ಚೀಲ ಇಲ್ಲದ ಸೂಲಗಿತ್ತಿನ್ನ ಯಾರು ಕರೀತಾರ?"

"ಸತ್ತ ಸೂಲಗಿತ್ತಿನ್ನ ಯಾರು ಕರೀತಾರ?" ಎಂದರು ಡಾಕ್ಟರಮ್ಮ.

ಒಂದು ತಿಂಗಳು ಔಷಧಿ ಕುಡಿದು, ಸೊಪ್ಪು, ಕುರಿಯ ಕಾಳಿಜ ತಿಂದು ರಕ್ತ ಹೆಚ್ಚಿಸಿಕೊಳ್ಳಬೇಕು. ಆಮೇಲೆ ಬೀದರಿನ ದವಾಖಾನೆಯಲ್ಲಿ ಮೂರು ವಾರ. ಮನೆಗೆ ಬಂದ ಮೇಲೆ ಮೂರು ತಿಂಗಳು ಕೊಡ ಎತ್ತಬಾರದು, ಬೀಸುವ ಕಲ್ಲಿಗೆ ಕೂರಬಾರದು. ಜೊತೆಗೊಬ್ಬ ಹೆಂಗಸು ಬೇಕೇ ಬೇಕು.

ಗಿರಿಜಾಬಾಯಿಯ ಭಯಕ್ಕೆ ಕಾರಣವಿತ್ತು. ಹೆರಿಗೆಯಾದ ಐದನೆಯ ದಿನ ಬಾಣಂತಿಯ ಮನೆಯವರು ಸೂಲಗಿತ್ತಿಯನ್ನು ಮಣೆಯ ಮೇಲೆ ಕೂರಿಸಿ, ಸೀರೆಯ ಸೆರಗಿನಲ್ಲಿ ಜೋಳ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ. ಅದಾಗದೆ ಕೂಸಿನ ಶಾಸ್ತ್ರ ಮುಗಿಯುವುದಿಲ್ಲ. ಚೀಲ ತೆಗೆಸಿಕೊಂಡವಳ ಉಡಿ ತುಂಬಬಹುದೇ ಎಂದು ಯಾರಾದರೂ ಒಬ್ಬರು ಕೇಳಿದರೆ ಸಾಕು, ಇಪ್ಪತ್ತೈದು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಆದ್ದರಿಂದ ಇಬ್ಬರಿಗೆ ಮಾತ್ರ ವಿಷಯ ಹೇಳಿದಳು.

ಮೊದಲನೆಯವನು ಗಂಡ ದೇವಿಂದ್ರಪ್ಪ. ಬಾಡಿಗೆ ಬಂಡಿ ಹೊಡೆಯುವವನು. "ನನಗೇನು ಕೇಳತಿ? ನನ್ನ ಹೊಟ್ಟ್ಯಾಗ ಇದ್ದಿದ್ರ ಇಷ್ಟೊತ್ತಿಗೆ ತಗಸಿ ಒಗೀತಿದ್ದೆ," ಎಂದು ಎತ್ತಿಗೆ ನೀರು ಕುಡಿಸಲು ಹೋದ.

ಎರಡನೆಯವಳು ಅಮೃತ. ಸತ್ತುಹೋದ ತಂಗಿಯ ಮಗಳು. ಏಳು ವರ್ಷದವಳನ್ನು ತಂದು ಸಾಕಿ, ಅದೇ ಓಣಿಯಲ್ಲಿ ಮದುವೆ ಮಾಡಿಕೊಟ್ಟು, ಹತ್ತು ವರ್ಷದಿಂದ ಹೆರಿಗೆಗಳಿಗೆ ಜೊತೆಯಲ್ಲಿ ಕರೆದೊಯ್ಯುತ್ತಿದ್ದಳು. ಅಮೃತ ಕೇಳಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಉಪಾಯವನ್ನೂ ಅವಳೇ ಹೇಳಿದಳು. "ಊರಾಗ ಪಂಢರಪುರಕ್ಕ ಹೋಗ್ಯಾರ, ಅಲ್ಲೇ ಸೇವಾಕ್ಕ ಕೂತಾರ ಅಂತ ಹೇಳೋಣು ದೊಡ್ಡವ್ವ. ನಿಮ್ಮ ಹೆರಿಗಿ ಮನಿಗೋಳನ್ನ ನಾ ನೋಡಕೋತೀನಿ. ಚಿಂತಿ ಮಾಡಬ್ಯಾಡ್ರಿ."

ಗಿರಿಜಾಬಾಯಿ ತಯಾರಿ ಶುರು ಮಾಡಿದಳು. ನೂರಾರು ಬಾಣಂತಿಯರನ್ನು ಎಬ್ಬಿಸಿ ಕೂರಿಸಿದವಳಿಗೆ ಎಲ್ಲಿ ನೋಯುತ್ತದೆಂದು ಗೊತ್ತಿತ್ತು. ನೀರಿನ ಕೊಡಗಳನ್ನು ನೆಲದಿಂದ ಸೊಂಟದೆತ್ತರದ ಕಟ್ಟೆಗೆ ಏರಿಸಿದಳು, ಬಗ್ಗದೆ ತಂಬಿಗೆ ಅದ್ದಲು ಬರುವಂತೆ. ನಾಲ್ಕು ತಿಂಗಳಿಗಾಗುವಷ್ಟು ಖಾರ ಕುಟ್ಟಿಸಿದಳು, ರೊಟ್ಟಿಗೆ ಶೇಂಗಾ ಹಿಂಡಿ ಮಾಡಿಟ್ಟಳು. ಮಲಗುವ ಹೊರಸಿನ ಕಾಲಿಗೆ ಹಗ್ಗ ಕಟ್ಟಿ, ಮಗ್ಗುಲಿಗೆ ಹೊರಳಿ, ಹಗ್ಗ ಹಿಡಿದು ಏಳುವುದನ್ನು ದಿನಾ ನಾಲ್ಕು ಸಲ ರೂಢಿ ಮಾಡಿಕೊಂಡಳು. ದೇವಿಂದ್ರಪ್ಪ ನೋಡಿ ನಕ್ಕ. "ಬಾವ್ಯಾಗಿಂದ ಎಮ್ಮಿ ಎಳದಂಗ ಕಾಣ್ತದ."

"ಎಮ್ಮಿಗೆ ಎಳೀಲಿಕ್ಕಿ ನಾಕು ಮಂದಿ ಬರತಾರ," ಎಂದಳು ಅವಳು.

ಎರಡನೆಯ ವಾರ ಕೋಟೆಯ ಹತ್ತಿರದ ಕಾಂತಾಬಾಯಿಯ ಮನೆಗೆ ಹೋದಳು. ಕಾಂತಾಬಾಯಿಯ ಸೊಸೆಗೆ ಎಂಟು ತಿಂಗಳು. ಹೊರಡುವ ಮೊದಲು ಒಮ್ಮೆ ಹೊಟ್ಟೆ ಮುಟ್ಟಿ ನೋಡಬೇಕಿತ್ತು. ಕೈ ಚಾಚಿದ ಕೂಡಲೇ ಸೊಸೆ ಸೆರಗು ಎಳೆದುಕೊಂಡು ಅತ್ತೆಯ ಕಡೆ ನೋಡಿದಳು.

"ಇರಲಿ ಬಿಡು ಗಿರಿಜಕ್ಕ, ಅಮೃತಾ ನಿನ್ನೆ ನೋಡಿ ಹೋಗ್ಯಾಳ," ಎಂದಳು ಕಾಂತಾಬಾಯಿ.

"ನಾನೂ ನೋಡತೀನಿ. ಎರಡು ಕೈ ನೋಡಿದ್ರ ಕೂಸೇನು ಸವೀತದ?"

ಕಾಂತಾಬಾಯಿ ನಗಲಿಲ್ಲ. "ಸಿಟ್ಟಿಗೇಳಬ್ಯಾಡವ್ವ. ನೀ ಚೀಲ ತಗಸಾಕತ್ತೀಯಂತ. ತನ್ನ ಉಡಿ ತುಂಬದಾಕಿ ಇನ್ನೊಬ್ಬರ ಉಡಿ ತುಂಬಸತಾಳೇನು ಅಂತ ನೀನೇ ಅಂದೀಯಂತ. ಇನ್ನ ಮುಂದ ಎಲ್ಲಾ ಅಮೃತಾನೇ ಮಾಡಬೇಕಂತ. ಪಾಪ, ಹುಡುಗಿ ಅಳಕೋತ ಹೇಳಿದಳು."

ಗಿರಿಜಾಬಾಯಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ದಾರಿಯಲ್ಲಿ ಎರಡು ಕಡೆ ಕುಳಿತು ಸುಧಾರಿಸಿಕೊಂಡು ಮನೆ ಸೇರಬೇಕಾಯಿತು. ಅಮೃತ ಅಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಎಷ್ಟು ಮನ್ಯಾಗ ಹೇಳಿದಿ?"

ಅಮೃತ ಜರಡಿ ನಿಲ್ಲಿಸಲಿಲ್ಲ. "ಏಳು."

"ಯಾಕ?"

"ಮೂರು ತಿಂಗಳು ಹೆರಿಗಿ ನಾ ನೋಡಕೋಬೇಕು. ನಾಕನೇ ತಿಂಗಳಿಗೆ ಮತ್ತ ನಿಮ್ಮ ಹಿಂದ ಬಿಸಿನೀರು ಹಿಡಕೊಂಡು ನಿಂದ್ರಬೇಕು. ಹತ್ತು ವರ್ಷ ನಿಂತೀನಿ ದೊಡ್ಡವ್ವ. ಮುಡಬ್ಯಾಗ ಕೂಸು ಹಿಡದಾಕಿ ನಾ. ಐದನೇ ದಿನ ಮಣಿ ಮ್ಯಾಲ ಕೂತಾಕಿ ನೀವು."

"ಕೇಳಿದ್ರ ಕೂಡಸತಿದ್ದೆ."

"ಕೇಳಿ ತುಂಬಿಸಿಕೊಳ್ಳೋದು ಉಡಿ ಅಲ್ಲ, ಭಿಕ್ಷಾ."

"ಹೇಳೋದು ಹೇಳಿದಿ. ನನ್ನ ಹೆಸರ್ಲೆ ಯಾಕ ಹೇಳಿದಿ?"

"ಸುಳ್ಳೇನು? ಹುಮನಾಬಾದ ಹಜಿರಾ ಬೀ ಮ್ಯಾಲ ನೀವೇ ಅಂದ ಮಾತದು. ನಾ ಸಣ್ಣಾಕಿ, ಬಾಜೂಕೇ ಕೂತಿದ್ದೆ."

ಅದು ನಿಜವಾಗಿತ್ತು. ಹದಿನೆಂಟು ವರ್ಷದ ಹಿಂದೆ, ಮಕ್ಕಳಿಲ್ಲದ ಹಜಿರಾ ಬೀ ಎಂಬ ಸೂಲಗಿತ್ತಿಯನ್ನು ಮುಡಬಿಯವರು ಕರೆಯತೊಡಗಿದಾಗ, ಗಿರಿಜಾಬಾಯಿ ಎರಡು ಮನೆಗಳಲ್ಲಿ ಆ ಒಂದು ಮಾತು ಆಡಿದ್ದಳು. ಆಮೇಲೆ ಮುಡಬಿಯವರು ಹಜಿರಾ ಬೀಯನ್ನು ಕರೆಯಲಿಲ್ಲ. ಹೊಕ್ಕುಳಬಳ್ಳಿ ಕೊಯ್ಯುವುದನ್ನು ಕಲಿಸಿದ ಕೈ ಇದನ್ನೂ ಕಲಿಸಿತ್ತು.

ಅಮೃತ ಹತ್ತಿರ ಬಂದು ಕಾಲು ಹಿಡಿದಳು. "ನಿಮ್ಮನ್ನ ಬಿಡಂಗಿಲ್ಲ ನಾ. ಬೀದರಕ್ಕ ಬರತೀನಿ, ಎತ್ತತೀನಿ, ತೊಳೀತೀನಿ. ಹಡದ ತಾಯಿಗಿಂತ ಹೆಚ್ಚು ನೋಡಕೋತೀನಿ."

ಅವಳು ಮನಸ್ಸಿನಿಂದಲೇ ಹೇಳುತ್ತಿದ್ದಳು. ಗಿರಿಜಾಬಾಯಿಗೆ ಹೆಚ್ಚು ಭಯವಾದದ್ದು ಅದಕ್ಕೇ. ಹಾಸಿಗೆ ಹಿಡಿದವಳಿಗೆ ಊರಿನ ಮಾತು ಬರುವುದು, ಅವಳ ಮಾತು ಊರಿಗೆ ಹೋಗುವುದು, ಎಲ್ಲ ಆರೈಕೆ ಮಾಡುವವಳ ಬಾಯಿಂದಲೇ. ಮೂರು ತಿಂಗಳು ಗಂಜಿಯೂ ಆ ಕೈಯಿಂದ, ಸುದ್ದಿಯೂ ಆ ಬಾಯಿಂದ.

ಎರಡು ದಿನ ಅವಳು ಆಪರೇಷನ್ನೇ ಬೇಡ ಎಂದುಕೊಂಡಳು. ಮಾಡಿಸಿಕೊಳ್ಳದಿದ್ದರೆ ಅಮೃತಳ ಮಾತು ತಾನಾಗಿಯೇ ಸುಳ್ಳಾಗುತ್ತದೆ. ಏಳು ಮನೆಗೂ ಹೋಗಿ, ನೋಡ್ರವ್ವ, ನಾನು ಇದ್ದ ಹಾಗೇ ಇದ್ದೇನೆ ಎನ್ನಬಹುದು. ಮೂರನೆಯ ಬೆಳಿಗ್ಗೆ ಕನ್ನಡಿ ಹಿಡಿದು, ಬಸುರಿಯರಿಗೆ ಮಾಡುವಂತೆ ತನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿಕೊಂಡಳು. ಒಳಗೆ ಜೋಳದ ಹಿಟ್ಟಿನಷ್ಟು ಬಿಳುಪು. ಇಂಥ ಕಣ್ಣಿನ ಹೆಂಗಸರು ಎಷ್ಟು ದಿನ ಬಾಳಿದರೆಂದು ಅವಳಿಗೆ ಒಬ್ಬೊಬ್ಬರ ಹೆಸರಿನ ಸಮೇತ ಗೊತ್ತಿತ್ತು. ಕನ್ನಡಿ ಕೆಳಗಿಟ್ಟು ಗಂಡನಿಗೆ ಬಂಡಿ ಕಟ್ಟಲು ಹೇಳಿದಳು.

ಹಜಿರಾ ಬೀ ಹುಮನಾಬಾದಿನಲ್ಲಿ ಒಬ್ಬಳೇ ಇದ್ದಳು. ಹಿಂದಿನ ವರ್ಷ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಗಂಡನನ್ನು ಕಳೆದುಕೊಂಡಿದ್ದಳು. ಆಗಲೂ ಗಿರಿಜಾಬಾಯಿ ಮಾತಾಡಿಸಲು ಬಂದಿರಲಿಲ್ಲ.

"ಬಾ. ಹದಿನೆಂಟು ವರ್ಷಕ್ಕ ಬಂದಿ. ಕೂಸು ಅಡ್ಡ ಸಿಕ್ಕದೇನು?"

"ನಾನೇ ಸಿಕ್ಕೀನಿ," ಎಂದು ಗಿರಿಜಾಬಾಯಿ ಒಂದನ್ನೂ ಮುಚ್ಚಿಡದೆ ಹೇಳಿ, ಬೀದರಿಗೆ ತನ್ನ ಜೊತೆಗೆ ಬರುತ್ತೀಯಾ ಎಂದು ಕೇಳಿದಳು.

ಹಜಿರಾ ಬೀ ಎಲೆ ಅಡಿಕೆ ಅಗಿಯುತ್ತ ಕೇಳಿದಳು. "ಹಂಗಾದ್ರ ನಿನ್ನ ಮಾತು ನಿನಗೇ ಬಂತು. ನನಗ ಖುಷಿ ಆಗಬೇಕು. ತಡಿ, ಜರಾ ಆಗಲಿ." ಎದ್ದು ಹೊರಗೆ ಹೋಗಿ ಉಗುಳಿ ಬಂದಳು. "ಖುಷಿ ಆಗವಲ್ದು. ನನ್ನ ಕೈಲೆ ಉಣ್ತಿ?"

"ಉಣ್ತೀನಿ."

"ನಿಮ್ಮ ಮಂದಿ ಏನಂತಾರ?"

"ನಮ್ಮ ಮಂದಿ ಮಾಡಿದ್ದು ಈಗ ಹೇಳಿದೆನಲ್ಲ."

"ಹಂಗಾದ್ರ ಒಂದು ಕೆಲಸ ಮಾಡು. ಮುಡಬ್ಯಾಗ ಆ ಎರಡು ಮನಿಗೆ ಹೋಗಿ, ಹಜಿರಾ ಬೀ ಮ್ಯಾಲ ಅಂದಿದ್ದು ಸುಳ್ಳಂತ ನಿನ್ನ ಬಾಯಿಲೆ ಹೇಳಿ ಬಾ. ಚೀಲ ಇರೋ ತನಕಾನೇ ಹೇಳು. ತಗಸಿದ ಮ್ಯಾಲ ಹೇಳಿದ್ರ, ತನ್ನ ಸಲುವಾಗಿ ಹೇಳಾಕತ್ತಾಳ ಅಂತಾರ."

ಗಿರಿಜಾಬಾಯಿ ಮುಡಬಿಗೆ ಹೋದಳು. ಒಂದು ಮನೆಯ ಮುದುಕಿ ಸತ್ತುಹೋಗಿದ್ದಳು, ಸೊಸೆಯಂದಿರನ್ನು ಕೂರಿಸಿ ಹೇಳಿದಳು. ಇನ್ನೊಂದು ಮನೆಯ ಮುದುಕಿ ಕೇಳಿ, "ಇದನ್ನ ಹೇಳ್ಲಿಕ್ಕಿ ಇಷ್ಟು ದೂರ ಬಂದೀಯಾ? ಹುಚ್ಚಿ," ಎಂದು ಮಜ್ಜಿಗೆ ಕೊಟ್ಟಳು.

ಗೊತ್ತುಮಾಡಿದ ಗುರುವಾರ, ಬೀದರಿಗೆ ಹೊರಡುವ ಮೊದಲು, ಹುಮನಾಬಾದಿನ ದವಾಖಾನೆಯಲ್ಲಿ ಗುಮಾಸ್ತ ಕಾಗದ ಹಿಡಿದು ಕೇಳಿದ. "ಜೋಡಿ ಇರೋರು ಯಾರು?"

"ಹಜಿರಾ ಬೀ."

"ನಿಮಗೇನಾಗಬೇಕು?"

ಇಪ್ಪತ್ತು ವರ್ಷ ಯಾರು ಕೇಳಿದರೂ ಅಮೃತಳನ್ನು ತೋರಿಸಿ ಮಗಳು ಎನ್ನುತ್ತಿದ್ದ ಬಾಯಿ ಅದು. ಗಿರಿಜಾಬಾಯಿ ಹಜಿರಾ ಬೀಯ ಕಡೆ ನೋಡಿದಳು.

"ವೈರಿ ಅಂತ ಬರಕೋರಿ," ಎಂದಳು ಹಜಿರಾ ಬೀ. ಗುಮಾಸ್ತ ನಕ್ಕು ಏನನ್ನೋ ಬರೆದುಕೊಂಡ. ದೇವಿಂದ್ರಪ್ಪ ಹೆಬ್ಬೆಟ್ಟು ಒತ್ತಿ, ಬೆರಳನ್ನು ರುಮಾಲಿಗೆ ಒರೆಸಿಕೊಳ್ಳುತ್ತ ಹೆಂಡತಿಯ ಹತ್ತಿರ ಬಂದ.

"ಮುಂಜಾನಿ ನೀ ಒಳಗಿದ್ದಾಗ ಅಮೃತಾ ಬಂಡಿ ತನಕ ಬಂದು ಅತ್ತಳು. ನೋಡ್ಲಿಕ್ಕಿ ಯಾವಾಗ ಬರಲಿ ಅಂತ ಕೇಳ್ಯಾಳ. ಏನು ಹೇಳಲಿ?"

"ಬರೋದು ಬ್ಯಾಡ ಅನ್ರಿ." ಹೊರಟವನನ್ನು ಮತ್ತೆ ಕರೆದಳು. "ಕಾಂತಾಬಾಯಿ ಸೊಸೀಗೆ ದಿನ ಹತ್ತರ ಬಂದಾವ. ಚೊಚ್ಚಲ ಅದ. ಆ ಹುಡುಗಿನ್ನ ಬಿಟ್ಟು ಎಲ್ಲೂ ಹೋಗಬಾರದಂತ ಹೇಳ್ರಿ. ಹೆಚ್ಚುಕಡಿಮಿ ಅನಿಸಿದ್ರ ಡಾಕ್ಟರಮ್ಮನ ಕಡೆ ಕರಕೊಂಡು ಬರಲಿ, ಮಾನಾ ಹೋಗ್ತದಂತ ಕೂಡಬಾರದು."

"ಮತ್ತೇನರೆ?"

"ಮತ್ತೇನಿಲ್ಲ."

ಅವನು ಎತ್ತಿನ ಕಡೆ ಹೋದ ಮೇಲೆ ಗಿರಿಜಾಬಾಯಿ ಗೋಡೆಯ ಕಡೆ ತಿರುಗಿದಳು. ಹಜಿರಾ ಬೀ ನೋಡಿದಳು. ಗಂಟಿನಿಂದ ಒಂದು ದಿಂಬು ತೆಗೆದು ಗಿರಿಜಾಬಾಯಿಯ ಹೊಟ್ಟೆಗೆ ಒತ್ತಿ, ಅವಳ ಎರಡೂ ಕೈಗಳನ್ನು ಅದರ ಮೇಲೆ ಇಟ್ಟಳು.

"ಹಿಂಗ ಒತ್ತಿ ಹಿಡಕೊಂಡು ಅಳು. ಈಗೇ ರೂಢಿ ಮಾಡಕೋ. ಹೊಲಿಗಿ ಹಾಕಿದ ಮ್ಯಾಲ ಅಳೋದು ಭಾಳ ತ್ರಾಸ."