ಬುಧವಾರದ ಗಿರಾಕಿ

ಗ್ರಾಫಿಕ್ಸ್ ಕಾರ್ಡಿನ ಬೆಲೆ ಕೇಳಿದ್ದೇ ಮಸಾಯೊ ಗಾಜಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು, ಮುಟ್ಟಿದ್ದಕ್ಕೂ ದುಡ್ಡು ಕೇಳಿಯಾರು ಅನ್ನುವ ಹಾಗೆ.

“ಇದೊಂದಕ್ಕೇನಾ? ನಮ್ಮನೆ ಫ್ರಿಜ್ಜು ಇದಕ್ಕಿಂತ ಅಗ್ಗ ಕಣಪ್ಪಾ!”

“ಫ್ರಿಜ್ಜಲ್ಲಿ ಆಟ ಆಡೋಕಾಗಲ್ವಲ್ಲ ಅಮ್ಮಾ,” ಅಂದ ಅಂಗಡಿಯ ಕಾಜಿತಾನಿ. ಕೊರಳಿಗೆ ಹೆಸರಿನ ಬಿಲ್ಲೆ ತೂಗುಹಾಕಿಕೊಂಡಿದ್ದ, ಮೂವತ್ತರ ಆಸುಪಾಸಿನ ಗುಂಡು ಮುಖದವನು.

“ಇದರಲ್ಲಿ ಮೀನಿಡೋಕಾಗತ್ತಾ?” ಮಸಾಯೊಳ ತಂಗಿ ರಿತ್ಸುಕೊ ಬಾಯಿ ಹಾಕಿದಳು. “ಸ್ವಲ್ಪ ಬಿಟ್ಟು ಹೇಳು. ಇಬ್ಬರು ಹೆಂಗಸರು ಅಷ್ಟು ದೂರದಿಂದ ಬಂದಿದೀವಿ.”

“ಎಲ್ಲಿಂದ ಬಂದ್ರಿ?”

“ಸಕಾಯಿಯಿಂದ.”

“ರೈಲಲ್ಲಿ ಕಾಲು ಗಂಟೆ ಅಲ್ವಾ ಅದು?”

“ನಿಂತ್ಕೊಂಡು ಬಂದಿದೀವಿ ಕಣಯ್ಯಾ.”

ಕಾಜಿತಾನಿ ನಕ್ಕ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೇ ಹೆಸರಾದ ನಿಪ್ಪೊಂಬಾಶಿಯವರಿಗೆ ಇಂಥ ಗಿರಾಕಿಗಳೇನೂ ಹೊಸಬರಲ್ಲ. ಆದರೆ ಕಂಪ್ಯೂಟರಿನ ಬಿಡಿಭಾಗ ಕೊಳ್ಳಲು ಐವತ್ತು ದಾಟಿದ ಅಕ್ಕತಂಗಿಯರು ಬಂದದ್ದು ಅವನಿಗೆ ಮೋಜೆನಿಸಿರಬೇಕು.

ಕಂಪ್ಯೂಟರು ಮಸಾಯೊಳ ಮಗನಿಗೆ. ತಕುಮಾನಿಗೆ ಈಗ ಇಪ್ಪತ್ತೆಂಟು. ಮೊದಲನೇ ಕೆಲಸ ಬಿಟ್ಟು ಬಂದ ದಿನ ಮಹಡಿಯ ಕೋಣೆಗೆ ಹೋದವನು ಆರು ವರ್ಷವಾದರೂ ಇಳಿದಿರಲಿಲ್ಲ. ಅಂದರೆ ತಾಯಿ ಎಚ್ಚರವಿರುವಾಗ ಇಳಿದಿರಲಿಲ್ಲ. ಅವಳು ಊಟದ ತಟ್ಟೆ ಬಾಗಿಲಾಚೆ ಇಡುತ್ತಿದ್ದಳು, ಖಾಲಿ ತಟ್ಟೆ ಅಲ್ಲೇ ಸಿಗುತ್ತಿತ್ತು. ಮಾತೆಲ್ಲ ಫೋನಿನ ಸಂದೇಶದಲ್ಲಿ, ಅದೂ “ಸೋಪು ಮುಗಿದಿದೆ” ಅನ್ನುವಷ್ಟು. ಗಂಡ ಎಂದೋ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ್ದ. ಮಸಾಯೊ ಬೆಳಿಗ್ಗೆ ಹೋಗಿ ಸಂಜೆಯವರೆಗೆ ಕಾರ್ಖಾನೆಯೊಂದರಲ್ಲಿ ಊಟದ ಡಬ್ಬಿ ತುಂಬಿಸುತ್ತಿದ್ದಳು. ಹೋದ ತಿಂಗಳು ಇದ್ದಕ್ಕಿದ್ದಂತೆ ಉದ್ದನೆಯ ಸಂದೇಶ ಬಂತು. ಹೊಸ ಕಂಪ್ಯೂಟರ್ ಬೇಕು, ಆಟ ಆಡುತ್ತಾ ಅದನ್ನು ನೇರಪ್ರಸಾರ ಮಾಡುತ್ತೇನೆ, ಅದರಿಂದ ಸಂಪಾದನೆಯಾಗಬಹುದು, ತುಂಬ ದುಬಾರಿಯದೇನೂ ಬೇಡ, ನಡುವಿನದು ಸಾಕು.

“ಅಂಗಡಿಗೆ ನನ್ನ ಜೊತೆ ಬಂದರೆ ಕೊಡಿಸುತ್ತೇನೆ” ಅಂತ ಬರೆದಳು.

“ಆಗಲ್ಲ. ಆನ್‌ಲೈನಲ್ಲಿ ತರಿಸೋಣ.”

ಕಣ್ಣಿಂದ ನೋಡದೆ ಅಷ್ಟು ದುಡ್ಡು ಕೊಡುವ ಜಾಯಮಾನ ಅವಳದಲ್ಲ. ತಾನೇ ಹೋಗಿ ತರುತ್ತೇನೆಂದಳು. ಹೋಗುವಾಗ ಬಾಗಿಲ ಮುಂದೆ ಒಂದು ಕ್ಷಣ ನಿಂತಳು. ಈ ಯಂತ್ರವೇ ಈ ಬಾಗಿಲು ತೆಗೆಸಿದರೆ? ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಸಂಪಾದನೆ ಗಿಂಪಾದನೆ ಆಮೇಲಿನ ಮಾತು.

“ಮಗ ಏನಾಟ ಆಡ್ತಾರೆ?” ಕಾಜಿತಾನಿ ಕೇಳಿದ.

“ಗೊತ್ತಿಲ್ಲಪ್ಪ. ಹೊಡೆದಾಡೋ ಸದ್ದು ಬರತ್ತೆ.”

“ಆಟ, ಪ್ರಸಾರ ಎರಡೂ ಅಂದ್ರೆ ಪ್ರೊಸೆಸರ್ ಸ್ವಲ್ಪ ದೊಡ್ಡದು ಹಾಕಿಸಿ.” ಅವನು ಅಂಗೈಯಗಲದ ಡಬ್ಬಿಯೊಂದನ್ನು ತೆಗೆದಿಟ್ಟ.

ಮಸಾಯೊ ಡಬ್ಬಿಯ ಫೋಟೊ ತೆಗೆದು ಮಗನಿಗೆ ಕಳಿಸಿದಳು. ಸಂಜೆಯವರೆಗೆ ಉತ್ತರ ಬರಲಿಕ್ಕಿಲ್ಲ ಅಂದುಕೊಂಡಿದ್ದಳು. ಫೋನು ಚೀಲಕ್ಕೆ ಸೇರುವ ಮೊದಲೇ ಗುಂಯ್‌ಗುಟ್ಟಿತು.

“ಅದು ಬೇಡ ಅನ್ನು. ಅದರ ಕೆಳಗಿನದು ಸಾಕು. ಪ್ರಸಾರದ ಭಾರ ಗ್ರಾಫಿಕ್ಸ್ ಕಾರ್ಡೇ ಹೊರತ್ತೆ. ಉಳಿದ ದುಡ್ಡು ಮೆಮೊರಿಗೆ ಹಾಕಿಸು.”

ಅವಳು ಓದಿ ಹೇಳಿದಳು. ಕಾಜಿತಾನಿ ಹುಬ್ಬೇರಿಸಿ, “ಸರಿಯಾಗೇ ಹೇಳಿದಾರೆ. ನನಗೇ ಕಿವಿ ಹಿಂಡಿದ್ರು,” ಅಂದ.

ಅಲ್ಲಿಂದ ಮುಂದೆ ಮಸಾಯೊಳಿಗೆ ಬೆಲೆಯ ಗಾಬರಿ ಹೋಗಿ ಬೇರೆಯೇ ಗಾಬರಿ ಹಿಡಿಯಿತು. ಮಗ ಮಾತಾಡುತ್ತಿದ್ದ. ಮದರ್‌ಬೋರ್ಡಿನ ಫೋಟೊ ಹೋಯಿತು: “ಪರವಾಗಿಲ್ಲ.” ಪವರ್ ಸಪ್ಲೈನದು ಹೋಯಿತು: “ಇದರಲ್ಲಿ ಮಾತ್ರ ಜಿಪುಣತನ ಬೇಡ, ಇದು ಕೆಟ್ಟರೆ ಉಳಿದದ್ದೆಲ್ಲ ಸುಡತ್ತೆ.” ಬಣ್ಣಬಣ್ಣದ ದೀಪ ಉರಿಯುವ ಫ್ಯಾನಿನದು ಹೋಯಿತು: “ನಮ್ಮನೇಲೇನು ಮದುವೆನಾ?” ಅವಳು ಜೋರಾಗಿ ನಕ್ಕುಬಿಟ್ಟಳು. ಆರು ವರ್ಷದಲ್ಲಿ ಮಗ ಮಾಡಿದ ಮೊದಲ ತಮಾಷೆ. ರಿತ್ಸುಕೊಳಿಗೂ ತೋರಿಸಿದಳು.

“ನೋಡು ಅಕ್ಕ, ನಾನು ಹೇಳಿರ್ಲಿಲ್ವಾ? ಬಾಯಿ ಇದೆ ಇವನಿಗೆ.”

“ಯಾವ ಅಂಗಡಿ ಅದು?” ಅಂತ ಅವನ ಪ್ರಶ್ನೆ ಬಂತು.

“ಮೂಲೆಯಲ್ಲಿ ಮೂರು ಮಹಡಿಯದು ಇದೆಯಲ್ಲ, ಅದು. ಚಿಕ್ಕಮ್ಮ ಕರ್ಕೊಂಡು ಬಂದಳು.”

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ, “ಬೇಗ ಮುಗಿಸಿ ಬಾ” ಅಂತಷ್ಟೇ ಬಂತು.

ಎಲ್ಲ ಸೇರಿ ಒಂದು ಲಕ್ಷದ ಎಂಬತ್ತು ಸಾವಿರ ಯೆನ್ನಿಗೆ ಸ್ವಲ್ಪ ಒಳಗೇ ಬಂತು. ಇಷ್ಟು ಖರೀದಿಗೆ ಮುಂದಿನ ಸಲ ರಿಯಾಯಿತಿ ಸಿಗುವ ಪಾಯಿಂಟುಗಳು ಬರುತ್ತವೆ, ಅಂಗಡಿಯ ಕಾರ್ಡಿದೆಯಾ ಎಂದು ಕೌಂಟರಿನಲ್ಲಿ ಕಾಜಿತಾನಿ ಕೇಳಿದ. ಪಾಯಿಂಟು ಅಂದಕೂಡಲೇ ಅಕ್ಕತಂಗಿಯರಿಬ್ಬರೂ ನೆಟ್ಟಗಾದರು. ಕೋಸಿನ ಅಂಗಡಿಯಿಂದ ಹಿಡಿದು ಕಣ್ಣಿನ ಆಸ್ಪತ್ರೆಯವರೆಗೆ ಯಾವ ಕಾರ್ಡನ್ನೂ ಬಿಟ್ಟವರಲ್ಲ ಅವರು.

“ಮಗನ ಹೆಸರಲ್ಲೇ ಮಾಡಿಸು ಅಕ್ಕ. ನಾಳೆ ಅವನೇ ಏನಾದ್ರೂ ತಗೊಂಡಾನು.”

ಮಸಾಯೊ ಮಗನಿಗೆ ಬರೆದಳು: “ಪಾಯಿಂಟು ನಿನ್ನ ಹೆಸರಿಗೆ ಹಾಕಿಸ್ತಿದೀನಿ.”

“ಬೇಡ.”

ಹಿಂದೆಯೇ ಇನ್ನೊಂದು: “ಬೇಡಮ್ಮ.” ಮತ್ತೊಂದು: “ನಿಜವಾಗಿ ಬೇಡ.”

ಅವಳಿಗೆ ಕರುಳು ಚುರುಕ್ಕೆಂದಿತು. ಕೊಟ್ಟದ್ದನ್ನು ಕೂಡಲೇ ತೆಗೆದುಕೊಳ್ಳುವುದು ಒರಟುತನ, ಎರಡು ಮೂರು ಸಲ ಬೇಡ ಎಂದ ಮೇಲೆ ಕೈಚಾಚಬೇಕು ಅಂತ ಚಿಕ್ಕವನಿದ್ದಾಗ ಕಲಿಸಿದವಳು ಅವಳೇ. ಕತ್ತಲೆ ಕೋಣೆಯಲ್ಲಿ ಕೂತೂ ನಡತೆ ಮರೆತಿಲ್ಲ ಹುಡುಗ. ಮೂರು ಸಲ ಬೇಡ ಎಂದಾಯಿತಲ್ಲ, ಇನ್ನೇನು. ಮಗನ ಫೋನ್ ನಂಬರ್ ಹೇಳಿದಳು.

ಕಾಜಿತಾನಿ ನಂಬರು ಒತ್ತಿ ಪರದೆ ನೋಡಿದ.

“ಈಗಾಗಲೇ ಕಾರ್ಡಿದೆಯಲ್ಲಮ್ಮಾ. ನಿಶಿವಾಕಿ ತಕುಮಾ... ಅರೆ!” ಅವನ ಗುಂಡು ಮುಖ ಅರಳಿತು. “ತಕು ಅವರ ತಾಯೀನಾ ನೀವು? ಮೊದಲೇ ಹೇಳೋದಲ್ವಾ! ಅದಕ್ಕೇ ಅಷ್ಟು ಗೊತ್ತು ಅವರಿಗೆ. ಹುಷಾರಿಲ್ವಾ ಇವತ್ತು, ನಿಮ್ಮನ್ನ ಕಳ್ಸಿದಾರೆ?”

“ಯಾರು?”

“ತಕು. ಪ್ರತಿ ಬುಧವಾರ ಬರ್ತಾರಲ್ಲ.”

“ಎಲ್ಲಿಗೆ?”

“ಇಲ್ಲಿಗೇ. ಮೂರನೇ ಮಹಡೀಲಿ ಪಂದ್ಯ ಇರತ್ತೆ, ಮಧ್ಯಾಹ್ನ. ಮೈಕ್ ಅವರ ಕೈಲೇ. ಏನು ಮಾತಮ್ಮಾ ನಿಮ್ಮ ಮಗಂದು! ಪಂದ್ಯ ನೋಡೋಕಲ್ಲ, ಅವರು ಹೇಳೋದು ಕೇಳೋಕೇ ಜನ ಬರ್ತಾರೆ. ನಾವೇ ಎಲ್ಲ ಸೇರಿ ಹೇಳಿದ್ದು, ಸ್ವಂತ ಪ್ರಸಾರ ಶುರು ಮಾಡಿ ಅಂತ.”

“ಬೇರೆ ಯಾರೋ ಇರಬೇಕು,” ಅಂದಳು ಮಸಾಯೊ. “ನನ್ನ ಮಗ ಮನೆಯಿಂದ ಹೊರಗೆ ಬರಲ್ಲ.”

ಕಾಜಿತಾನಿ ಅದನ್ನೂ ತಮಾಷೆಯೆಂದೇ ತಿಳಿದ. ತನ್ನ ಫೋನು ತೆಗೆದು ಒಂದು ವಿಡಿಯೊ ಹಚ್ಚಿ ಅವಳ ಮುಂದೆ ಹಿಡಿದ.

ನೀಟಾಗಿ ಕೂದಲು ಕತ್ತರಿಸಿಕೊಂಡ ಗಂಡಸೊಬ್ಬ ಮೈಕ್ ಹಿಡಿದು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. “ಇವನು ಓಡ್ತಿಲ್ಲ ಮಹಾಜನರೇ, ವಿಚಾರ ಮಾಡೋಕೆ ಹಿಂದೆ ಹೋಗ್ತಿದಾನೆ!” ಸುತ್ತಲಿನವರು ಬಿದ್ದು ಬಿದ್ದು ನಗುತ್ತಿದ್ದರು. ಅವನೂ ಬಾಯ್ತುಂಬ ನಕ್ಕ. ಮೇಲ್ಸಾಲಿನಲ್ಲಿ, ಎಡಗಡೆ, ಒಂದು ಹಲ್ಲಿರಲಿಲ್ಲ.

ಮಸಾಯೊ ನೋಡಿದ್ದು ಆ ಹಲ್ಲಿಲ್ಲದ ಜಾಗವನ್ನು. ಮಗನಿಗೆ ಹಲ್ಲು ಹೋದದ್ದು ಯಾವಾಗ? ನೋವಿಗೆ ಊತ ಬಂದಿತ್ತೇ? ಆಗ ತಾನು ಬಾಗಿಲಾಚೆ ಏನು ಇಟ್ಟಿದ್ದೆ? ಗಟ್ಟಿ ಮೂಲಂಗಿ ಉಪ್ಪಿನಕಾಯಿಯೇ?

“ಆಫ್ ಮಾಡಿ ಅದನ್ನ,” ರಿತ್ಸುಕೊ ಹೇಳಿದಳು. ಅಕ್ಕನ ಮೊಣಕೈ ಹಿಡಿದುಕೊಂಡಿದ್ದಳು. “ಆರು ವರ್ಷ, ಆರು ವರ್ಷ ನಿನ್ನ ಕೈಲಿ ಚಾಕರಿ ಮಾಡಿಸ್ಕೊಂಡಿದಾನೆ ಅಕ್ಕ! ನೀನು ಕೆಲಸಕ್ಕೆ ಹೋದ ತಕ್ಷಣ ಇವನು ಇಲ್ಲಿ ಕುರ್ಚಿ ಹತ್ತಿ ಕುಣೀತಾನೆ. ಏನೂ ಕೊಡಿಸಬೇಡ. ನಡಿ.”

ಕಾಜಿತಾನಿಗೆ ಈಗ ಅರ್ಥವಾಯಿತು. ಅವನು ಸೊಂಟ ಬಗ್ಗಿಸಿ ನಮಸ್ಕರಿಸತೊಡಗಿದ. “ನಾನು ಹೇಳಬಾರದಿತ್ತು. ದೊಡ್ಡ ತಪ್ಪಾಯ್ತು. ಗಿರಾಕಿಗಳ ವಿಷಯ ಬಾಯಿ ಬಿಡಬಾರದು ನಾವು. ಎರಡು ವರ್ಷದಿಂದ ನೋಡ್ತಿದೀನಲ್ಲ, ಮನೆಯವರು ಅಂತ ಸಲಿಗೆಯಿಂದ...”

ಎರಡು ವರ್ಷ. ಮಸಾಯೊ ಪರ್ಸ್ ತೆರೆದಳು. ನೋಟುಗಳನ್ನು ಎಣಿಸದೆ ಕೌಂಟರಿನ ಹಣದ ತಟ್ಟೆಯಲ್ಲಿಟ್ಟಳು.

“ಅಕ್ಕ!”

“ಸುಮ್ನಿರು ರಿತ್ಸು.” ಕಾಜಿತಾನಿಯ ಕಡೆ ತಿರುಗಿದಳು. “ಜೋಡಿಸಿದ ಮೇಲೆ ಮನೆಗೆ ಕಳಿಸಬೇಡಿ. ಅವನು ಬರ್ತಾನಲ್ಲ ಬುಧವಾರ. ಅವನೇ ಹೊತ್ಕೊಂಡು ಹೋಗ್ಲಿ.”

ಚೀಲದೊಳಗೆ ಫೋನು ಗುಂಯ್‌ಗುಟ್ಟುತ್ತಲೇ ಇತ್ತು. ರೈಲಿನಲ್ಲಿ ಅದನ್ನು ತೆಗೆಯಲಿಲ್ಲ. ರಿತ್ಸುಕೊ ತನ್ನ ಸ್ಟೇಷನ್ ಬರುವವರೆಗೂ ಬೈದಳು, ಇಳಿಯುವಾಗ ಅತ್ತಳು. ಮಸಾಯೊಳಿಗೆ ಎರಡೂ ಬರಲಿಲ್ಲ. ಒಂದೇ ವಿಷಯ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಅವನಿಗೆ ಜನರ ಭಯ ಅಂದುಕೊಂಡಿದ್ದಳು. ಜನರಿಂದ ಅವನಿಗೆ ಏನೂ ತೊಂದರೆಯಿರಲಿಲ್ಲ. ಬೀದಿ, ರೈಲು, ಗುಂಪು, ಮೈಕು ಯಾವುದೂ ಅವನನ್ನು ಹೆದರಿಸಿರಲಿಲ್ಲ. ಹಾಗಾದರೆ ಆ ಬಾಗಿಲು ಮುಚ್ಚಿದ್ದು ಯಾರ ಮುಖಕ್ಕೆ?

ಮನೆಗೆ ಬಂದು, ಕೋಟು ಬಿಚ್ಚದೆ ಮಹಡಿ ಹತ್ತಿದಳು. ಒಳಗೆ ಉಸಿರಾಟದ ಸದ್ದೂ ಇರಲಿಲ್ಲ. ಆದರೆ ಬಾಗಿಲ ಹಿಂದೆಯೇ ನಿಂತಿದ್ದಾನೆಂದು ಅವಳಿಗೆ ಗೊತ್ತಾಯಿತು.

“ತಕುಮಾ. ನನ್ನಿಂದಾನಾ?”

ಉತ್ತರ ಬರದಿದ್ದರೆ ಸಾಕು ಅಂದುಕೊಂಡಳು.

“ಹ್ಞೂಂ,” ಅಂದ ಅವನು.

ಫೋನಿನೊಳಗೆ ಕೇಳಿದ ಗಂಟಲೇ ಅದು, ಆದರೆ ನಗು ತೆಗೆದಿಟ್ಟ ಗಂಟಲು.

“ನಾನೇನು ಮಾಡಿದೆ ನಿಂಗೆ?”

“ಏನೂ ಮಾಡಿಲ್ಲಮ್ಮ. ಅಲ್ಲಿನವರು ನನ್ನನ್ನ ನಿನ್ನ ಥರ ನೋಡಲ್ಲ.”

“ಹೇಗೆ ನೋಡ್ತೀನಿ?”

“ಪಾಪ ಅಂತ.”

ಕಾಲ ಬಳಿ ಬೆಳಿಗ್ಗೆಯ ತಟ್ಟೆಯಿತ್ತು. ಹೊರಡುವ ಗಡಿಬಿಡಿಯಲ್ಲೂ ಮೀನಿನ ಮುಳ್ಳು ಒಂದೊಂದೇ ಕಿತ್ತು ಇಟ್ಟುಹೋಗಿದ್ದಳು. ಇಪ್ಪತ್ತೆಂಟು ವರ್ಷದ ಗಂಡಸಿಗೆ. ಅವನು ಮುಟ್ಟಿರಲಿಲ್ಲ. ಅವಳಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಸಿಟ್ಟೂ ಬಂತು. ಪಾಪ ಅನ್ನದೆ ಇನ್ನೇನು ಅನ್ನಬೇಕಿತ್ತು? ತಟ್ಟೆ ಎತ್ತಿಕೊಂಡಳು.

“ಇನ್ಮೇಲೆ ಇಲ್ಲಿ ತಟ್ಟೆ ಇಡಲ್ಲ. ಊಟ ಕೆಳಗಿರತ್ತೆ. ಬಂದು ತಿಂದ್ರೆ ತಿನ್ನು, ಇಲ್ದಿದ್ರೆ ಬಿಡು.”

ಕೆಳಗೆ ಬಂದು ದೀಪ ಹಾಕಿದಳು. ಅನ್ನ ಬಿಸಿ ಮಾಡಿ ಇಬ್ಬರಿಗೂ ಬಡಿಸಿದಳು. ಅವನ ಪಾಲಿಗೆ ಇಡೀ ಮೀನು ಹುರಿದು ತಲೆ, ಮುಳ್ಳಿನ ಸಮೇತ ಇಟ್ಟಳು. ಯಾವಾಗಲೂ ಮೆಟ್ಟಿಲಿಗೆ ಮುಖಮಾಡಿ ಕೂರುವವಳು ಇಂದು ಎದುರಿನ ಜಾಗಕ್ಕೆ ಹೋಗಿ, ಮೆಟ್ಟಿಲಿಗೆ ಬೆನ್ನು ಹಾಕಿ ಕೂತಳು. ಬೆಳಿಗ್ಗೆಯ ತಣ್ಣಗಿನ ಮೀನನ್ನು ತಾನು ತಿನ್ನತೊಡಗಿದಳು. ರುಚಿ ಗೊತ್ತಾಗಲಿಲ್ಲ.

ಮೇಲೆ ಚಿಲಕ ಸರಿಯಿತು. ಒಂದು ಮೆಟ್ಟಿಲು ಕಿರುಗುಟ್ಟಿತು, ನಿಂತಿತು.

ಮಸಾಯೊಳ ಕತ್ತು ಬಿಗಿದು ನೋಯತೊಡಗಿತು. ಅವಳು ತಿರುಗಲಿಲ್ಲ.