ಬಂದರಿಗೆ ಹೋಗದ ಜಹಾಜು

ಬಾಯಾಗ ಕಬ್ಬಿಣದ ರುಚಿ, ನಳಿಗ್ಯಾಗ ನನ್ನ ರಕ್ತ ಹೊರಗ ಹೋಗಿ ಮಷೀನಿನಾಗ ತೊಳಕೊಂಡು ಮತ್ತ ಒಳಗ ಬರಾಕತ್ತದ, ಕೈ ತಣ್ಣಗಾಗ್ಯದ, ಜಹೀರಾಬಾದಿನ ಈ ದವಾಖಾನಿ ಕಿಡಕ್ಯಾಗ ಕಬ್ಬಿನ ಟ್ರ್ಯಾಕ್ಟರು ಹೊಂಟಾವ, ಒಂದು ಗುಟುಕು ನೀರು, ಡಾಕ್ಟರು ಬ್ಯಾಡಂದಾರ — ಬಾಲರಾಜನ ಸುತ್ತ ಎಷ್ಟು ನೀರು, ನನ್ನ ತಮ್ಮ, ಸಿರ್ಗಾಪುರದಾಗ ಅಪ್ಪನ ಕುರಿ ಕಾಯ್ಕೋತ ಓದಿದವ, ಈಗ ಜಹಾಜಿನ ಇಂಜಿನ್ ನೋಡ್ಕೋತಾನ, ಅಮೆರಿಕಾದ ಬಂದರಿನಾಗ ಇಳಿದು ವಿಮಾನ ಹತ್ತಬೇಕು, ಅವನದೊಂದು ಕಿಡ್ನಿ ನನಗ, ಅವ್ವಂದು ಹೊಂದಲಿಲ್ಲ, ಅವನದು ಹೊಂದ್ತು, ಹೈದರಾಬಾದಿನಾಗ ಆಪರೇಷನ್ನಿಗೆ ತಾರೀಖೂ ಸಿಕ್ಕದ, ಬರ್ತಾನ, ಬಂದೇ ಬರ್ತಾನ, ಫೋನು ಬಡಕೊಳ್ಳಾಕತ್ತದ, ಅವನೇ, ವಿಡಿಯೋದಾಗ ಎಣ್ಣಿ ಮೆತ್ತಿದ ಮುಖ, ಭವಾನಕ್ಕಾ, ಜಹಾಜು ತಿರುಗಿಸ್ಯಾರ. ಯಾಕೋ. ಇದು ಚೀನಾದಾಗ ಕಟ್ಟಿದ ಜಹಾಜು ಅಕ್ಕಾ, ಅವರಿಗೂ ಅಮೆರಿಕಾದವರಿಗೂ ಯಾಪಾರದ ಜಗಳ, ಇಂಥಾ ಜಹಾಜು ಬಂದರಿಗೆ ಬಂದ್ರ ಹೊಸದಾಗಿ ಫೀಸು ಹಾಕ್ತಾರಂತ, ಕಂಪನಿಯವರು ಒಳಗ ಹೋಗೋದೇ ಬ್ಯಾಡಂದಾರ, ಮಾಲು ಬ್ಯಾರೆ ದೇಶದಾಗ ಇಳಸ್ತಾರಂತ, ಯಾವ ದೇಶ ಅಂತ ಕ್ಯಾಪ್ಟನ್‌ಗೂ ಗೊತ್ತಿಲ್ಲ, ನನ್ನೊಬ್ಬನ್ನ ದೋಣಿಗೆ ಹಾಕಿ ದಂಡಿಗೆ ಬಿಡ್ರಿ ಅಂತ ಕಾಲಿಗೆ ಬಿದ್ದೆ, ಆಫೀಸಿನವರು ಕೇಳವಲ್ರು — ದಂಡಿ ಕಾಣತದಂತ, ಕಣ್ಣಿಗೆ ಕಾಣೋ ದಂಡಿಗೆ ಕಾಲಿಡೋ ಹಂಗಿಲ್ಲ, ಇವರ ಜಗಳದಾಗ ನಾವೇನು ಮಾಡೀವಿ, ಅವನೇನು ಆ ಜಹಾಜು ಕಟ್ಟ್ಯಾನ, ಬಾಜೂಕ ಕುಂತ ಅವ್ವ ಏನಂತಾನ ಭವಾನಿ ಅಂತಾಳ, ಏನಿಲ್ಲವ್ವ, ಸ್ವಲ್ಪ ತಡ ಆಗ್ತದಂತ, ಅವ್ವ ನೀರಿನ ಬಾಟ್ಲಿ ಮುಚ್ಚಳ ತೆಗೆದು ಮತ್ತ ಹಾಕ್ತಾಳ, ಆಕಿಗೆ ತಿಳಿದದ, ತಾರೀಖು ತಪ್ಪಿದ್ರ ಮತ್ತ ಯಾವಾಗ, ನಿನ್ನ ಮೈ ಅಲ್ಲೀತನಕ ತಾಳಬೇಕಲ್ಲಮ್ಮ ಅಂದಿದ್ರು ಡಾಕ್ಟರು, ಆದ್ರ ಎದಿಯಾಗ ಯಾಕ ಹಗುರಾತು, ಛೇ, ಸ್ವರೂಪಾ ಹೇಳ್ಯಾಳ, ಅವನ ಹೆಂಡತಿ, ಒಂದೇ ಕಿಡ್ನಿ ಇದ್ದವನ್ನ ಕಂಪನಿಯವರು ಮತ್ತ ಜಹಾಜು ಹತ್ತಿಸೋದು ಕಷ್ಟ, ನೌಕರಿ ಹೋಗ್ತದ ಅಂತ, ಅವ ಅದನ್ನ ನನಗ ಹೇಳೇ ಇಲ್ಲ, ಆಕಿ ಕೊಡಬ್ಯಾಡ ಅನ್ನಲಿಲ್ಲ, ರೊಟ್ಟಿ ಬಡಿಕೋತ ಹೇಳಿದಳು, ಹೇಳಿ ಮುಖ ಆ ಕಡೆ ಮಾಡಿದಳು, ಈಗ ಅಂದುಬಿಡ್ಲಿ, ಬ್ಯಾಡೋ ಬಾಲರಾಜ, ನಿನ್ನ ಸಮುದ್ರ ನೀ ಇಟ್ಕೋ, ಅಂತೀನಿ, ಅನ್ನಾಕೇ ಬಾಯಿ ತೆರೆದೆ, ಬಂದದ್ದು ಬ್ಯಾರೆ, ಲಗೂ ಬಾರೋ, ನನಗ ಸಾಯಾಕ ಮನಸಿಲ್ಲೋ, ಜೋರಾಗಿ, ಬಾಜೂ ಕುರ್ಚಿಯವರು ತಿರುಗಿ ನೋಡ್ಯಾರ, ಅವ ಅಳಲಿಲ್ಲ, ಬರ್ತೀನಕ್ಕಾ ಅಂದ, ಯಾವ ದೇಶದಾಗ ಇಳಿಸಿದ್ರೂ ಬರ್ತೀನಿ, ನೋಡು, ಅದೇ ಬಂದರು, ಅಂತ ಫೋನು ಹೊರಳಿಸಿದ, ಬೂದಿಬಣ್ಣದ ನೀರು, ಅದರಾಚೆ ಒಂದು ಕೆಂಪು ಕ್ರೇನು, ಸಣ್ಣದಾಗಾಕತ್ತದ, ಬೆರಳಷ್ಟು, ಕಡ್ಡಿಯಷ್ಟು, ಫೋನಿನ ಮಾತು ತುಂಡಾತು, ಹಲೋ, ಬಾಲರಾಜ, ಚಿತ್ರ ನಿಂತುಬಿಟ್ಟದ, ಕೆಂಪು ಕ್ರೇನು, ಕಣ್ಣು ಮುಚ್ಚಿದ್ರೂ ಕೆಂಪು ಕ್ರೇನು, ಕಡ್ಡಿಯಷ್ಟು, ಕೆಂಪು —