ಉಪ್ಪಿನ ರಾಜಕುಮಾರಿಗೆ ವರ

ಸಣ್ಣ ಮಕ್ಕಳಿಗೆ ಸಾಯುವ ಕಥೆ ಹೇಳುದು ಎಂತಕ್ಕೆ ಎಂದು ಕೇಳಿದ ತಾಯಂದಿರಿಗೆ ಆಲೆಟ್ಟಿಯ ಅಂಗನವಾಡಿ ಟೀಚರ್ ಹೇಮಾವತಿ ಉತ್ತರ ಕೊಟ್ಟಿರಲಿಲ್ಲ. ಕಥೆಯನ್ನು ಬಿಟ್ಟಿರಲೂ ಇಲ್ಲ. ಇವತ್ತೂ ಉಪ್ಪಿನ ರಾಜಕುಮಾರಿ ಮದುವೆಯ ಹಿಂದಿನ ದಿನ ಮಳೆಗೆ ಸಿಕ್ಕಿ ಕರಗಿಯೇ ಹೋದಳು.

ಮೊಮ್ಮಗಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಪೂವಕ್ಕನ ಮುಖ ಕಪ್ಪಿಟ್ಟಿತು. ಹಿಂದೆ ಅವರ ಮೂರು ವರ್ಷದ ಮಗ ಕೆರೆಗೆ ಬಿದ್ದು ತೀರಿಹೋಗಿದ್ದ. ಬೇರೆ ಕಥೆ ಸಿಗಲಿಲ್ಲವೇ ನನಗೆ, ಎಂದು ಹೇಮಾವತಿ ತನ್ನನ್ನೇ ಬೈದುಕೊಂಡಳು.

ಆಗ ಪೂವಕ್ಕನ ಮೊಮ್ಮಗಳು ಧನ್ವಿ ಎದ್ದು ನಿಂತಳು. "ಬೇಜಾರು ಮಾಡುದು ಬೇಡ ಟೀಚರ್. ಆಟಿಯಲ್ಲಿ ಅವಳಿಗೆ ಮದುವೆ ಮಾಡುವ."

ಸಣ್ಣದರಲ್ಲೇ ತೀರಿಕೊಂಡವರಿಗೆ, ಬದುಕಿದ್ದರೆ ಮದುವೆಯ ಪ್ರಾಯ ಆಗುವ ಹೊತ್ತಿಗೆ, ಇನ್ನೊಂದು ಮನೆಯಲ್ಲಿ ಹಾಗೆಯೇ ತೀರಿಕೊಂಡವರನ್ನು ಹುಡುಕಿ, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸುವುದು ಅಲ್ಲಿಯ ಮಕ್ಕಳಿಗೂ ಗೊತ್ತು.

"ನಮ್ಮ ಸತ್ತ ಚಿಕ್ಕಪ್ಪ ಇದ್ದಾನಲ್ಲ, ಅವನಿಗೆ ಕೊಡಿ. ಅಜ್ಜಿಗೆ ಹೆಣ್ಣು ಹುಡುಕಿ ಹುಡುಕಿ ಸಾಕಾಗಿದೆ."

ಹೇಮಾವತಿಗೆ ತಲೆಯೆತ್ತಲು ಧೈರ್ಯ ಬರಲಿಲ್ಲ. ಪೂವಕ್ಕ ಚಪ್ಪಲಿ ಕಳಚಿಟ್ಟು ಒಳಗೆ ಬಂದು, ಮಕ್ಕಳ ನಡುವೆ ಚಾಪೆಯಲ್ಲಿ ಕೂತರು.

"ಮೊದಲಿಂದ ಹೇಳಿ ಟೀಚರ್," ಎಂದರು. "ಹುಡುಗಿಯ ಮನೆ ಎಲ್ಲಿ ಆಯ್ತು?"